ಎಳೆಯಲು ಹಗ್ಗ ಸಾಕು, ನಿಲ್ಲಿಸಲು ಸಾಲದು

ಅಡಿಕೆ ಕೊಯ್ಲಿನ ದಿನಗಳಲ್ಲಿ ನಲ್ಲೂರಿನ ರಸ್ತೆ ಬದಿಗೆ ನಿಂತು ನೋಡಿ. ಒಂಟಿಯಾಗಿ ಹೋಗುವ ವಾಹನಕ್ಕಿಂತ ಬೆನ್ನ ಹಿಂದೆ ಏನನ್ನಾದರೂ ಕಟ್ಟಿಕೊಂಡು ಹೋಗುವ ವಾಹನವೇ ಮೊದಲು ಕಣ್ಣಿಗೆ ಬೀಳುತ್ತದೆ. ಟ್ರ್ಯಾಕ್ಟರ್ ಹಿಂದೆ ಹಸಿ ಗೊನೆ ತುಂಬಿದ ಟ್ರೇಲರ್, ಟಿಲ್ಲರ್ ಹಿಂದೆ ಗೊಬ್ಬರ ಹೇರಿದ ಪುಟ್ಟ ಟ್ರೇಲರ್, ಖೇಣಿದಾರರ ಕಣದಿಂದ ಕಣಕ್ಕೆ ಸಾಗುವ ಅಡಿಕೆ ಸುಲಿಯುವ ಯಂತ್ರ, ಮನೆ ಕಟ್ಟುವ ಕಡೆಗೆ ಹೊರಟ ಕಾಂಕ್ರೀಟ್ ಮಿಲ್ಲರ್, ಮೆಕ್ಕೆಜೋಳ ಒಕ್ಕುವ ಯಂತ್ರ. ಇವುಗಳ ನಡುವೆ ಆಗೊಮ್ಮೆ ಈಗೊಮ್ಮೆ ಕೆಟ್ಟ ಕಾರೊಂದು ಮೂತಿಗೆ ಹಗ್ಗ ಕಟ್ಟಿಸಿಕೊಂಡು ತೆವಳುತ್ತ ಬರುತ್ತದೆ. ಚನ್ನಗಿರಿ ತಾಲ್ಲೂಕಿನವರಿಗೆ ಇದರಲ್ಲಿ ವಿಶೇಷವೇನೂ ಕಾಣದು. "ಟ್ಯಾಕ್ಟ್ರು ತಗಂಬಾರೋ ತಮ್ಮಾ, ಹಗ್ಗ ಹಾಕಿ ಎಳ್ಕಂಡು ಹೋಗಾನ" ಅಂದರೆ ಅಲ್ಲಿಗೆ ಮಾತು ಮುಗಿಯಿತು.

ನಾವು ವಿಧಿಯಿಲ್ಲದೆ ಮಾಡುವ ಈ ಕೆಲಸವನ್ನು ಅಮೆರಿಕದಲ್ಲಿ ಸಾವಿರಾರು ಕುಟುಂಬಗಳು ಬೇಕೆಂದೇ ಮಾಡುತ್ತವೆ. ಬಸ್ಸಿನಷ್ಟು ದೊಡ್ಡ ಮೋಟರ್‌ಹೋಮ್ ಹಿಂದೆ, ಯಾವ ದೋಷವೂ ಇಲ್ಲದ ತಮ್ಮದೇ ಕಾರನ್ನು ನಾಲ್ಕೂ ಚಕ್ರ ನೆಲಕ್ಕೆ ತಾಗಿರುವಂತೆ ಕಟ್ಟಿಕೊಂಡು ನೂರಾರು ಕಿಲೋಮೀಟರ್ ಹೋಗುತ್ತಾರೆ. ಎಳೆಸಿಕೊಳ್ಳುವ ಕಾರಿನಲ್ಲಿ ಯಾರೂ ಕೂತಿರುವುದಿಲ್ಲ. ನಮ್ಮ ದೇಶದ ಕಾನೂನಿನಲ್ಲಿ ಇದಕ್ಕೆ ಜಾಗವಿಲ್ಲ, ನಮ್ಮ ರಸ್ತೆಗೆ ಅದು ಹೊಂದುವುದೂ ಇಲ್ಲ. ಆದರೂ ಅವರು ಅದನ್ನು ಹೇಗೆ ಮಾಡುತ್ತಾರೆ ಎಂದು ತಿಳಿದುಕೊಳ್ಳುವುದರಲ್ಲಿ ನಮಗೆ ಲಾಭವಿದೆ. ಅವರು ಹಾಕುವ ದುಡ್ಡು, ಓಡಿಸುವ ಬುದ್ಧಿ ಎರಡೂ ಬಹುಪಾಲು ಖರ್ಚಾಗುವುದು ಕಾರನ್ನು ಎಳೆಯುವುದಕ್ಕಲ್ಲ, ಅದನ್ನು ನಿಲ್ಲಿಸುವುದಕ್ಕೆ. ನಾವು ಹಗ್ಗ ಹುಡುಕುವಾಗ ಯೋಚಿಸದೆ ಬಿಡುವ ಭಾಗವೇ ಅದು.

ಓಡುವ ಮನೆ, ಹಿಂದೊಂದು ಕಾರು

ಮೋಟರ್‌ಹೋಮ್ ಎಂದರೆ ಅಡುಗೆಮನೆ, ಹಾಸಿಗೆ, ಸ್ನಾನದ ಕೋಣೆ ಎಲ್ಲವನ್ನೂ ಒಳಗಿಟ್ಟುಕೊಂಡ ವಾಹನ. ನಮ್ಮಲ್ಲಿ ಹೆಚ್ಚಿನವರು ನೋಡಿರುವುದು ಸಿನಿಮಾ ಚಿತ್ರೀಕರಣದ ಜಾಗದಲ್ಲಿ ನಿಂತಿರುವ ನಟರ ಕ್ಯಾರವಾನ್. 2021ರಲ್ಲಿ ಕೇರಳ ಸರ್ಕಾರ ಕ್ಯಾರವಾನ್ ಪ್ರವಾಸಕ್ಕೆಂದೇ ಒಂದು ಯೋಜನೆ ತಂದ ಮೇಲೆ ಈ ಬಗೆಯ ವಾಹನದ ಸುದ್ದಿ ದಕ್ಷಿಣದಲ್ಲಿ ಹೆಚ್ಚಾಯಿತು. ಬೆಂಗಳೂರಿನಲ್ಲೂ ಬಾಡಿಗೆಗೆ ಸಿಗುತ್ತವೆ. ಹಾಗೆ ನೋಡಿದರೆ ನಮ್ಮ ಊರುಗಳಿಗೆ ಇಂಥ ಬದುಕು ತೀರಾ ಹೊಸದಲ್ಲ. ತಮಿಳುನಾಡಿನ ತಿರುಚೆಂಗೋಡಿನಿಂದ ಬರುವ ಬೋರ್‌ವೆಲ್ ಲಾರಿಗಳ ಹುಡುಗರು ತಿಂಗಳುಗಟ್ಟಲೆ ಆ ಲಾರಿಯ ಬಳಿಯೇ ಅಡುಗೆ ಮಾಡಿ, ಅಲ್ಲಿಯೇ ಮಲಗಿ, ತೋಟದಿಂದ ತೋಟಕ್ಕೆ ಹೋಗುತ್ತಾರೆ. ಯಂತ್ರದ ಲಾರಿ ಒಂದು, ಪೈಪು ಸಾಮಾನಿನ ಲಾರಿ ಇನ್ನೊಂದು. ಎರಡಕ್ಕೂ ಬೇರೆ ಬೇರೆ ಡ್ರೈವರ್.

ಅಮೆರಿಕದ ಮೋಟರ್‌ಹೋಮಿನಲ್ಲಿ ಸಾಮಾನ್ಯವಾಗಿ ಇರುವುದು ಒಬ್ಬ ಗಂಡ, ಒಬ್ಬ ಹೆಂಡತಿ, ಹೆಚ್ಚೆಂದರೆ ಒಂದು ನಾಯಿ. ಎರಡನೇ ಡ್ರೈವರ್ ಇದ್ದರೂ ಇಬ್ಬರೂ ಬೇರೆ ಬೇರೆ ಗಾಡಿಯಲ್ಲಿ ದಿನವಿಡೀ ಕೂರುವುದಾದರೆ ಪ್ರವಾಸದ ಸುಖವೇನು? ದೊಡ್ಡ ಮೋಟರ್‌ಹೋಮ್ ಹತ್ತು ಮೀಟರ್ ದಾಟುತ್ತದೆ. ಶಿಬಿರದ ಜಾಗಕ್ಕೆ ಬಂದು ನಿಂತ ಮೇಲೆ ನೀರಿನ ಕೊಳವೆ, ಕರೆಂಟಿನ ತಂತಿ, ಹೊಲಸು ನೀರಿನ ಪೈಪು ಎಲ್ಲ ಜೋಡಿಸಬೇಕು. ಒಂದು ಲೀಟರ್ ಹಾಲು ತರಲು ಇದೆಲ್ಲ ಬಿಚ್ಚಿ ಇಡೀ ಮನೆಯನ್ನು ಅಂಗಡಿಗೆ ಓಡಿಸಿಕೊಂಡು ಹೋಗುವುದು ಹುಚ್ಚು. ಪೇಟೆಯೊಳಗೆ ಅದನ್ನು ನಿಲ್ಲಿಸಲು ಜಾಗವೂ ಇರುವುದಿಲ್ಲ. ಹಾಗಾಗಿ ಹಿಂದೆ ಒಂದು ಸಣ್ಣ ಕಾರು ಬೇಕು.

ಕಾರನ್ನು ಕರೆದೊಯ್ಯಲು ಮೂರು ದಾರಿಗಳಿವೆ. ಇಡೀ ಕಾರನ್ನು ಟ್ರೇಲರ್ ಮೇಲೆ ಹತ್ತಿಸುವುದು ಒಂದು. ಮುಂದಿನ ಎರಡು ಚಕ್ರವನ್ನು ಮಾತ್ರ ಎರಡು ಗಾಲಿಯ ಸಣ್ಣ ತಳ್ಳುಗಾಡಿಯ ಮೇಲೇರಿಸಿ, ಹಿಂದಿನ ಚಕ್ರ ನೆಲದ ಮೇಲೆ ಉರುಳುವಂತೆ ಬಿಡುವುದು ಎರಡನೆಯದು. ನಾಲ್ಕೂ ಚಕ್ರ ನೆಲದ ಮೇಲೆಯೇ ಇರುವಂತೆ ಕಬ್ಬಿಣದ ಸರಳಿನಿಂದ ಕಟ್ಟುವುದು ಮೂರನೆಯದು. ಹಿಂದೆ ಜಾತ್ರೆಗೆ ಬಂಡಿ ಕಟ್ಟಿಕೊಂಡು ಹೋಗುವಾಗ ಎಳೆಗರುವಾದರೆ ಬಂಡಿಯೊಳಗೆ ಹಾಕಿಕೊಳ್ಳುತ್ತಿದ್ದರು, ಬಲಿತ ಕರುವಾದರೆ ಹಿಂದೆ ಕಟ್ಟಿ ಅದರ ಕಾಲಿನಲ್ಲೇ ನಡೆಸುತ್ತಿದ್ದರು. ಮುಂಗಾಲು ಬಂಡಿಗೇರಿಸಿ ಹಿಂಗಾಲಲ್ಲಿ ನಡೆಸುವುದು ಕರುವಿಗಾಗದು, ಕಾರಿಗಾಗುತ್ತದೆ. ತನ್ನ ಕಾಲಿನಲ್ಲೇ ನಡೆಯುವ ಮೂರನೇ ವಿಧಾನ ಎಲ್ಲಕ್ಕಿಂತ ಅನುಕೂಲ. ಊರು ತಲುಪಿದ ಮೇಲೆ ಟ್ರೇಲರ್ ಎಲ್ಲಿಡುವುದೆಂಬ ಚಿಂತೆಯಿಲ್ಲ, ಕಟ್ಟಿ ಬಿಚ್ಚಲು ಕೆಲವೇ ನಿಮಿಷ. ಆದರೆ ಎಲ್ಲ ಕರುವೂ ನಡೆಯಲಾರದು ಎನ್ನುವಂತೆ ಎಲ್ಲ ಕಾರೂ ಹೀಗೆ ಉರುಳಲಾರದು.

ಚಕ್ರ ತಿರುಗಿದರೆ ಒಳಗೆ ಏನೇನು ತಿರುಗುತ್ತದೆ?

ಕಾರಿನ ಎಂಜಿನ್ ಚಕ್ರವನ್ನು ತಿರುಗಿಸುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಎಳೆಯುವಾಗ ಇದು ಉಲ್ಟಾ ಆಗುತ್ತದೆ. ರಸ್ತೆ ಚಕ್ರವನ್ನು ತಿರುಗಿಸುತ್ತದೆ, ಚಕ್ರ ಆಕ್ಸಲ್ ತಿರುಗಿಸುತ್ತದೆ, ಆಕ್ಸಲ್ ಗೇರ್ ಬಾಕ್ಸಿನ ಒಂದು ಭಾಗವನ್ನು ತಿರುಗಿಸುತ್ತದೆ. ಎಂಜಿನ್ ಮಾತ್ರ ಸುಮ್ಮನೆ ನಿಂತಿರುತ್ತದೆ. ಹಾಗೆ ತಿರುಗುವ ಭಾಗಕ್ಕೆ ಎಣ್ಣೆ ಎಲ್ಲಿಂದ ಬರಬೇಕು ಎಂಬುದೇ ಪ್ರಶ್ನೆ.

ಕೈಯಲ್ಲಿ ಗೇರ್ ಹಾಕುವ ಹಳೇ ಬಗೆಯ ಕಾರಿನಲ್ಲಿ ಉತ್ತರ ಸುಲಭ. ಗೇರ್ ಚಕ್ರಗಳು ಎಣ್ಣೆಯಲ್ಲಿ ಅರ್ಧ ಮುಳುಗಿರುತ್ತವೆ, ತಿರುಗಿದಂತೆಲ್ಲ ಎಣ್ಣೆಯನ್ನು ಎರಚಿಕೊಳ್ಳುತ್ತವೆ. ನ್ಯೂಟ್ರಲ್‌ನಲ್ಲಿಟ್ಟು ಎಳೆದರೆ ಸಾಮಾನ್ಯವಾಗಿ ತೊಂದರೆಯಿಲ್ಲ. ಸಾಮಾನ್ಯವಾಗಿ ಎಂದಿದ್ದಕ್ಕೆ ಕಾರಣವಿದೆ. ಕೆಲವು ಗೇರ್ ಬಾಕ್ಸುಗಳಲ್ಲಿ ಎಣ್ಣೆ ಎರಚುವ ದಂಡ ನ್ಯೂಟ್ರಲ್‌ನಲ್ಲಿ ತಿರುಗುವುದೇ ಇಲ್ಲ. ಹತ್ತು ಕಿಲೋಮೀಟರಿಗೆ ನಡೆದೀತು, ನೂರು ಕಿಲೋಮೀಟರಿಗೆ ನಡೆಯದು.

ಆಟೊಮ್ಯಾಟಿಕ್ ಕಾರಿನ ಕಥೆ ಬೇರೆ. ಟಾರ್ಕ್ ಕನ್ವರ್ಟರ್ ಇರುವ ಗೇರ್ ಬಾಕ್ಸಿನೊಳಗೆ ಒಂದು ಪಂಪು ಒತ್ತಡದಿಂದ ಎಣ್ಣೆ ಹರಿಸುತ್ತದೆ. ಆ ಪಂಪನ್ನು ತಿರುಗಿಸುವುದು ಎಂಜಿನ್. ಎಂಜಿನ್ ನಿಂತರೆ ಪಂಪೂ ನಿಂತಿತು, ಎಣ್ಣೆಯೂ ನಿಂತಿತು. ಅಂಥ ಕಾರನ್ನು ಎಳೆದರೆ ಒಳಗಿನ ಭಾಗಗಳು ಒಣಗಿ ಉಜ್ಜಿಕೊಂಡು ಕಾಯುತ್ತವೆ. ಹೊರಗೆ ಕೂತವರಿಗೆ ಏನೂ ಗೊತ್ತಾಗುವುದಿಲ್ಲ, ಗೊತ್ತಾಗುವ ಹೊತ್ತಿಗೆ ಕಾಯಿಲೆ ಗೇರ್ ಬಾಕ್ಸಿಗೂ ಹಬ್ಬಿರುತ್ತದೆ. ಬ್ಯಾಟರಿಯ ಸಣ್ಣ ದೋಷಕ್ಕೆ ನಿಂತ ಕಾರು ಗ್ಯಾರೇಜು ಸೇರುವಾಗ ದೊಡ್ಡ ಖರ್ಚಿನದಾಗಿರುತ್ತದೆ. ಉಕ್ಕಿನ ಪಟ್ಟಿ ಮತ್ತು ರಾಟೆಗಳಿಂದ ಕೆಲಸ ಮಾಡುವ ಸಿವಿಟಿಗೂ ಇದೇ ಅಪಾಯ. ಅಮೆರಿಕದಲ್ಲಿ 2014ರವರೆಗಿನ ಹೋಂಡಾ ಸಿಆರ್-ವಿ ಮೋಟರ್‌ಹೋಮ್ ಮಂದಿಯ ಅಚ್ಚುಮೆಚ್ಚಿನ ಕಾರಾಗಿತ್ತು. ಗೇರನ್ನು ಹೀಗೆ ಹೀಗೆ ಹಾಕಿ ಬಿಟ್ಟರೆ ಎಳೆಯಬಹುದು ಎಂದು ಕಂಪನಿಯೇ ಪುಸ್ತಕದಲ್ಲಿ ಬರೆದುಕೊಟ್ಟಿತ್ತು. 2015ರ ಮಾದರಿಗೆ ಸಿವಿಟಿ ಬಂತು, ಆ ಅನುಮತಿ ಹೋಯಿತು.

ನಮ್ಮಲ್ಲಿ ಈಗ ಹೆಚ್ಚಾಗಿರುವ ಎಎಂಟಿ ಕಾರುಗಳು ಇವೆರಡರ ನಡುವಿನವು. 2014ರಲ್ಲಿ ಮಾರುತಿ ಸೆಲೆರಿಯೊ ಮೂಲಕ ಭಾರತಕ್ಕೆ ಬಂದ ಈ ಏರ್ಪಾಡಿನಲ್ಲಿ ಗೇರ್ ಬಾಕ್ಸು ಹಳೇ ಬಗೆಯದೇ. ಕ್ಲಚ್ ತುಳಿಯುವ, ಗೇರ್ ಬದಲಿಸುವ ಕೆಲಸ ಮಾತ್ರ ಯಂತ್ರದ್ದು. ನ್ಯೂಟ್ರಲ್‌ಗೆ ಬಂದರೆ ಎಳೆಯುವುದು ಕಷ್ಟವಲ್ಲ. ಬ್ಯಾಟರಿ ಪೂರ್ತಿ ಸತ್ತಿದ್ದರೆ ನ್ಯೂಟ್ರಲ್‌ಗೆ ಬರುವುದೇ ಕಷ್ಟ. ಲಿವರ್ ಮೇಲೆ ನ್ಯೂಟ್ರಲ್ ಅಂತ ಇದ್ದರೂ ಒಳಗಿನ ಗೇರು ಬಿಟ್ಟಿರುವುದಿಲ್ಲ.

ಎಲೆಕ್ಟ್ರಿಕ್ ಕಾರು ಎಲ್ಲಕ್ಕಿಂತ ನಾಜೂಕು. ಬಹಳಷ್ಟು ಮಾದರಿಗಳಲ್ಲಿ ಚಕ್ರಕ್ಕೂ ಮೋಟರಿಗೂ ನಡುವೆ ಬಿಡಿಸುವ ಕ್ಲಚ್ಚೇ ಇಲ್ಲ. ಚಕ್ರ ತಿರುಗಿದರೆ ಮೋಟರೂ ತಿರುಗಬೇಕು, ಅಯಸ್ಕಾಂತವಿರುವ ಮೋಟರ್ ತಿರುಗಿದರೆ ಅದು ಡೈನಮೋ ಆಗಿ ಕರೆಂಟು ಹುಟ್ಟಿಸುತ್ತದೆ. ಆ ಕರೆಂಟು ಬೇಡದ ಕಡೆ ಹರಿದು ಬಿಸಿಯಾಗಿ ಹಾನಿ ಮಾಡುತ್ತದೆ. ಹಾಗಾಗಿ ಎಲೆಕ್ಟ್ರಿಕ್ ಕಾರು ಕೆಟ್ಟರೆ ಹಗ್ಗವನ್ನು ಮರೆತುಬಿಡಿ, ನಾಲ್ಕೂ ಚಕ್ರ ಮೇಲೇರಿಸುವ ಚಪ್ಪಟೆ ಲಾರಿಯೇ ಗತಿ. ನಾಲ್ಕು ಚಕ್ರಕ್ಕೂ ಸದಾ ಶಕ್ತಿ ಕೊಡುವ ಕಾರುಗಳಿಗೂ ಇದೇ ಮಾತು.

ಮೋಟರ್‌ಹೋಮ್ ಹಿಂದೆ ಇವತ್ತಿಗೂ ಹೆಚ್ಚು ಕಾಣುವುದು ಜೀಪ್. ಅದರ ಎರಡನೇ ಲಿವರ್ ನಾಲ್ಕು ಚಕ್ರದ ಚಾಲನೆಗೆ ಸೇರಿದ್ದು. ಅದನ್ನು ನ್ಯೂಟ್ರಲ್‌ಗೆ ತಂದರೆ ಚಕ್ರಗಳಿಗೂ ಗೇರ್ ಬಾಕ್ಸಿಗೂ ಸಂಬಂಧವೇ ಕಡಿದುಹೋಗುತ್ತದೆ. 1947ರಿಂದ ಮಹೀಂದ್ರ ಕಂಪನಿ ಇಲ್ಲಿ ಜೋಡಿಸತೊಡಗಿದ ವಿಲ್ಲಿಸ್ ಜೀಪಿನ ವಂಶದ್ದೇ ಆ ಅಮೆರಿಕದ ಜೀಪೂ. ನಮ್ಮ ಮಲೆನಾಡಿನ ತೋಟದ ಮನೆಗಳಲ್ಲಿ ಉಳಿದಿರುವ ಹಳೇ ಜೀಪಿನಲ್ಲೂ ಆ ಸಣ್ಣ ಲಿವರ್ ಇದೆ.

ಬೆನ್ನಿಗೆ ಬರುವ ಭಾರ

ಈಗ ಅಸಲು ವಿಷಯ. ಅಮೆರಿಕದ ಕಾರಿನ ಮೂತಿಯಲ್ಲಿ ಕಾಣುವುದು ಇಂಗ್ಲಿಷಿನ ಏ ಅಕ್ಷರದ ಆಕಾರದ ಒಂದು ಸರಳು. ಅದು ಸಿಕ್ಕಿಕೊಳ್ಳುವುದು ಬಂಪರಿಗಲ್ಲ. ಕಾರಿನ ಚಾಸಿಗೆ ಬೋಲ್ಟ್ ಹಾಕಿ ಬಿಗಿದ ಉಕ್ಕಿನ ತಟ್ಟೆಗೆ. ಸರಳಿನ ಜೊತೆಗೆ ಎರಡು ಸರಪಳಿ, ಸರಳು ಮುರಿದರೂ ಕಾರು ಕೈಬಿಡಬಾರದೆಂದು. ಕಾರಿನ ಹಿಂದಿನ ದೀಪಗಳಿಗೆ ಮೋಟರ್‌ಹೋಮಿನಿಂದ ತಂತಿ, ಮುಂದೆ ಬ್ರೇಕ್ ತುಳಿದರೆ ಹಿಂದಿನ ಕಾರಿನಲ್ಲೂ ಕೆಂಪು ದೀಪ ಹತ್ತಬೇಕೆಂದು. ಕಾರಿನ ಡ್ರೈವರ್ ಸೀಟಿನ ಮುಂದೆ ಒಂದು ಪೆಟ್ಟಿಗೆ, ಮೋಟರ್‌ಹೋಮ್ ನಿಧಾನವಾದಾಗ ಅದನ್ನರಿತು ಕಾರಿನ ಬ್ರೇಕ್ ಪೆಡಲನ್ನು ತಾನೇ ಒತ್ತಲೆಂದು. ಇಷ್ಟಾದ ಮೇಲೂ ಒಂದು ಸಣ್ಣ ಪಿನ್ನಿಗೆ ತೆಳ್ಳನೆ ತಂತಿ ಕಟ್ಟಿರುತ್ತಾರೆ. ಎಲ್ಲವೂ ಕಳಚಿ ಕಾರು ಬಿಡಿಯಾದರೆ ಆ ಪಿನ್ನು ಕಿತ್ತುಬಂದು ಕಾರಿನ ಬ್ರೇಕು ತಾನಾಗಿ ಹಿಡಿಯುತ್ತದೆ.

ಎಣಿಸಿ ನೋಡಿ: ಎಳೆಯುವುದಕ್ಕೆ ಇರುವುದು ಸರಳು ಒಂದೇ. ಮಿಕ್ಕಿದ್ದೆಲ್ಲ ನಿಲ್ಲಿಸುವುದಕ್ಕೆ, ತಿಳಿಸುವುದಕ್ಕೆ, ಕೈತಪ್ಪಿದರೆ ಹಿಡಿಯುವುದಕ್ಕೆ. ಅಲ್ಲಿನ ಹಲವು ರಾಜ್ಯಗಳಲ್ಲಿ 3,000 ಪೌಂಡ್, ಅಂದರೆ ಸುಮಾರು 1,360 ಕಿಲೋ ಮೀರಿದ ಟ್ರೇಲರಿಗೆ ಅದರದೇ ಬ್ರೇಕ್ ಇರಬೇಕು.

ಇಷ್ಟೊಂದು ಏಕೆ? ಚಲಿಸುವ ವಸ್ತುವಿನಲ್ಲಿರುವ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ವೇಗ ಎರಡು ಪಟ್ಟಾದರೆ ಶಕ್ತಿ ನಾಲ್ಕು ಪಟ್ಟು. ಗಂಟೆಗೆ 20 ಕಿ.ಮೀ. ವೇಗದಲ್ಲಿ ಎಳೆಯುವ ಕಾರನ್ನು ನಿಲ್ಲಿಸಲು ಬೇಕಾದ ಕೆಲಸಕ್ಕೆ ಹೋಲಿಸಿದರೆ 40 ಕಿ.ಮೀ. ವೇಗದಲ್ಲಿ ಅದರ ನಾಲ್ಕರಷ್ಟು ಬೇಕು. ಮುಂದಿನ ಗಾಡಿಯ ಬ್ರೇಕು ತಯಾರಾಗಿರುವುದು ತನ್ನ ತೂಕಕ್ಕೆ. ಬೆನ್ನ ಹಿಂದಿನ ಒಂದು ಟನ್ ಕಾರು ಏರಿನಲ್ಲಿ ಭಾರವೆನಿಸುತ್ತದೆ, ಇಳಿಜಾರಿನಲ್ಲಿ ಹಿಂದಿನಿಂದ ನೂಕುತ್ತದೆ. ಉಬ್ರಾಣಿ ಕಡೆಯ ಏರಿಳಿತದ ರಸ್ತೆಯಲ್ಲಿ ಲೋಡು ಟ್ರೇಲರ್ ಇಳಿಸಿದವರಿಗೆ ಇದನ್ನು ವಿವರಿಸಬೇಕಿಲ್ಲ.

ಸರಳಿಗೂ ಹಗ್ಗಕ್ಕೂ ಇರುವ ದೊಡ್ಡ ವ್ಯತ್ಯಾಸ ಇಲ್ಲಿದೆ. ಸರಳು ಎಳೆಯಬಲ್ಲದು, ತಡೆಯಲೂಬಲ್ಲದು. ಹಗ್ಗ ಎಳೆಯಬಲ್ಲದು ಅಷ್ಟೇ. ಮುಂದಿನ ಗಾಡಿ ನಿಂತರೆ ಹಗ್ಗ ಸಡಿಲವಾಗಿ ನೆಲಕ್ಕೆ ಬೀಳುತ್ತದೆ, ಹಿಂದಿನ ಕಾರು ಬಂದ ವೇಗದಲ್ಲೇ ಬರುತ್ತದೆ. ಆಗ ಅದನ್ನು ನಿಲ್ಲಿಸಬಲ್ಲವನು ಅದರೊಳಗೆ ಕೂತ ಮನುಷ್ಯ ಒಬ್ಬನೇ. ಆ ಮನುಷ್ಯನ ಸ್ಥಿತಿ ಹೇಗಿರುತ್ತದೆ? ಎಂಜಿನ್ ನಿಂತ ಕಾರಿನಲ್ಲಿ ಬ್ರೇಕಿಗೆ ನಿರ್ವಾತದ ಸಹಾಯವಿರುವುದಿಲ್ಲ. ಉಳಿದಿರುವುದು ಎರಡು ಮೂರು ತುಳಿತಕ್ಕೆ ಖಾಲಿಯಾಗುತ್ತದೆ, ಆಮೇಲೆ ಪೆಡಲು ಕಲ್ಲಾಗುತ್ತದೆ. ಪವರ್ ಸ್ಟೀರಿಂಗ್ ಕೂಡ ಕೈಕೊಟ್ಟು ಚಕ್ರ ಬಿಗಿಯಾಗಿರುತ್ತದೆ. ಅವನೇನಾದರೂ ಕೀಲಿಯನ್ನು ಕಿತ್ತು ಜೇಬಿಗೆ ಹಾಕಿಕೊಂಡಿದ್ದರೆ ಮೊದಲ ತಿರುವಿನಲ್ಲಿ ಸ್ಟೀರಿಂಗ್ ಲಾಕ್ ಬೀಳುತ್ತದೆ. ಕಾರು ಚಾಲೂ ಇರುವಾಗ ಓಡಿಸುವುದಕ್ಕಿಂತ ಕೆಟ್ಟಾಗ ಹಿಂದೆ ಕೂರುವುದಕ್ಕೇ ಹೆಚ್ಚು ಅನುಭವ ಬೇಕು. ನಾವು ಮಾಡುವುದು ತದ್ವಿರುದ್ಧ. ಅನುಭವವಿರುವ ಹಿರಿಯರು ಟ್ರ್ಯಾಕ್ಟರ್ ಏರುತ್ತಾರೆ, "ನೀನು ಸುಮ್ನೆ ಸ್ಟೇರಿಂಗ್ ಹಿಡ್ಕಂಡು ಕೂತ್ಕಳಪ್ಪ" ಎಂದು ಮನೆಯ ಹುಡುಗನನ್ನು ಕಾರಿಗೆ ಕೂರಿಸುತ್ತಾರೆ.

ಕಾಯ್ದೆ ಏನನ್ನುತ್ತದೆ?

ಮೋಟಾರು ವಾಹನ ಕಾಯ್ದೆಯಡಿ 1989ರಲ್ಲಿ ಬಂದ ರಸ್ತೆ ನಿಯಮಗಳು ಎಳೆಯುವುದರ ಬಗ್ಗೆ ಚೊಕ್ಕವಾಗಿ ಹೇಳಿದ್ದವು. ಕೆಟ್ಟು ನಿಂತ ವಾಹನ, ಪೂರ್ತಿ ಜೋಡಣೆಯಾಗದ ವಾಹನ, ನೋಂದಣಿಯಾದ ಟ್ರೇಲರ್ ಅಥವಾ ಸೈಡ್ ಕಾರ್ ಬಿಟ್ಟು ಬೇರೆ ಯಾವುದನ್ನೂ ಇನ್ನೊಂದು ಮೋಟಾರು ವಾಹನ ಎಳೆಯಬಾರದು. ಕೆಟ್ಟ ಗಾಡಿಯನ್ನೂ ಎಳೆಯಬೇಕಾದದ್ದು ಹತ್ತಿರದ ಗ್ಯಾರೇಜಿಗೋ ಪೆಟ್ರೋಲ್ ಬಂಕಿಗೋ ಅಷ್ಟೇ. ಎಳೆಸಿಕೊಳ್ಳುವ ವಾಹನದ ಡ್ರೈವರ್ ಸೀಟಿನಲ್ಲಿ ಆ ಬಗೆಯ ವಾಹನಕ್ಕೆ ಲೈಸೆನ್ಸ್ ಇರುವವರು ಕೂತಿರಬೇಕು, ಇಲ್ಲವೇ ಅದರ ಸ್ಟೀರಿಂಗ್ ಚಕ್ರಗಳನ್ನು ಕ್ರೇನಿನಂಥ ಸಾಧನದಿಂದ ನೆಲದಿಂದ ಎತ್ತಿರಬೇಕು. ಎರಡು ವಾಹನಗಳ ನಡುವಿನ ಅಂತರ 5 ಮೀಟರ್ ಮೀರಬಾರದು. ಹಗ್ಗವೋ ಸರಪಳಿಯೋ ರಸ್ತೆಯಲ್ಲಿ ಹೋಗುವ ಇತರರ ಕಣ್ಣಿಗೆ ಎದ್ದು ಕಾಣಬೇಕು. ಹಿಂದಿನ ವಾಹನದ ಬೆನ್ನಿಗೆ ಬಿಳಿ ಹಿನ್ನೆಲೆಯ ಮೇಲೆ ಕನಿಷ್ಠ 75 ಮಿಲಿಮೀಟರ್ ಎತ್ತರದ ಕಪ್ಪು ಅಕ್ಷರಗಳಲ್ಲಿ 'ಆನ್ ಟೋ' ಎಂದು ಇಂಗ್ಲಿಷಿನಲ್ಲಿ ಬರೆದಿರಬೇಕು. ವೇಗ ಗಂಟೆಗೆ 24 ಕಿ.ಮೀ. ದಾಟಬಾರದು. 2017ರಲ್ಲಿ ಇವುಗಳ ಜಾಗಕ್ಕೆ ಹೊಸ ಚಾಲನಾ ನಿಯಮಾವಳಿ ಬಂದಾಗಲೂ ಒಟ್ಟು ಧೋರಣೆ ಬದಲಾಗಲಿಲ್ಲ. 2019ರ ತಿದ್ದುಪಡಿಯ ನಂತರ ಚಾಲನಾ ನಿಯಮ ಮುರಿದರೆ 500ರಿಂದ 1,000 ರೂಪಾಯಿವರೆಗೆ ದಂಡ.

ಹೀಗಾಗಿ ದೋಷವಿಲ್ಲದ ಕಾರನ್ನು ಖಾಲಿ ಬಿಟ್ಟು ಮೋಟರ್‌ಹೋಮ್ ಹಿಂದೆ ಕಟ್ಟಿಕೊಂಡು ಬೆಂಗಳೂರಿನಿಂದ ಸೂಳೆಕೆರೆ ನೋಡಲು ಬರುವುದು ನಮ್ಮಲ್ಲಿ ನಿಯಮಕ್ಕೆ ವಿರುದ್ಧ. ಈ ವಿಷಯದಲ್ಲಿ ಭಾರತ ಒಂಟಿಯಲ್ಲ. ಜರ್ಮನಿಯಲ್ಲೂ ಹಗ್ಗ ಕಟ್ಟಿ ಎಳೆಯುವ ಸಲುಗೆ ಕೆಟ್ಟ ವಾಹನಕ್ಕೆ ಮಾತ್ರ. ಬ್ರಿಟನ್ ಮಧ್ಯದ ದಾರಿ ಹಿಡಿದಿದೆ. ಸರಳಿನಿಂದ ಕಟ್ಟಿದ ಕ್ಷಣವೇ ಆ ಕಾರನ್ನು ಟ್ರೇಲರ್ ಎಂದು ಲೆಕ್ಕ ಹಿಡಿಯುತ್ತದೆ, 750 ಕಿಲೋ ಮೀರಿದ್ದರೆ ಟ್ರೇಲರಿಗಿರಬೇಕಾದ ಬ್ರೇಕು ಅದಕ್ಕೂ ಇರಲಿ ಎನ್ನುತ್ತದೆ. ಮೋಟರ್‌ಹೋಮ್ ಪ್ರವಾಸ ಇಲ್ಲಿ ಬೆಳೆದರೂ ನಮ್ಮ ಕಾಯ್ದೆ ಸಡಿಲವಾಗಬೇಕೆಂದು ನನಗನಿಸುವುದಿಲ್ಲ. ಹದಿನಾಲ್ಕು ತಿರುವುಗಳ ಆಗುಂಬೆ ಘಾಟಿಯಲ್ಲಿ ಹತ್ತು ಮೀಟರಿನ ಮನೆ, ಅದರ ಹಿಂದೆ ನಾಲ್ಕು ಮೀಟರಿನ ಕಾರು ಬರುವುದನ್ನು ಊಹಿಸಿಕೊಳ್ಳಿ. ಹೀಗೆ ಕಟ್ಟಿದ ಜೋಡಿ ಕೆಲವು ಅಡಿಗಿಂತ ಹೆಚ್ಚು ಹಿಂದಕ್ಕೆ ಬರಲಾರದು. ರಿವರ್ಸ್ ತೆಗೆದರೆ ಕಾರಿನ ಮುಂಚಕ್ರ ಅಡ್ಡ ತಿರುಗಿ ಸರಳು ಸೊಟ್ಟಗಾಗುತ್ತದೆ. ಎದುರಿಗೊಂದು ಬಸ್ಸು ಬಂದರೆ ಕಾರನ್ನು ಬಿಚ್ಚದೆ ಬೇರೆ ದಾರಿಯಿಲ್ಲ.

ಆದರೆ ಕೆಟ್ಟ ವಾಹನದ ಮಟ್ಟಿಗೆ ನಿಯಮದ ಆ ಅಂಕಿಗಳು ಸುಮ್ಮನೆ ಬರೆದದ್ದಲ್ಲ. ಗಂಟೆಗೆ 24 ಕಿ.ಮೀ. ಎಂದರೆ ಸೆಕೆಂಡಿಗೆ ಸುಮಾರು 6.7 ಮೀಟರ್. 5 ಮೀಟರ್ ಅಂತರ ದಾಟಲು ಬೇಕಾದದ್ದು ಮುಕ್ಕಾಲು ಸೆಕೆಂಡು. ಮುಂದಿನ ಕೆಂಪು ದೀಪ ಕಂಡು ಕಾಲು ಬ್ರೇಕಿಗೆ ಹೋಗುವಷ್ಟರಲ್ಲೇ ಒಂದು ಸೆಕೆಂಡು ಹತ್ತಿರವಾಗುತ್ತದೆ. ಮುಂದಿನ ಗಾಡಿ ನಿಂತಲ್ಲೇ ನಿಲ್ಲುವುದಿಲ್ಲ, ಅದೂ ಒಂದಷ್ಟು ದೂರ ಉರುಳುತ್ತದೆ ಎಂಬುದೊಂದೇ ಹಿಂದಿನವರನ್ನು ಉಳಿಸುವುದು. 24ರಲ್ಲಿ ಕೂದಲೆಳೆಯಲ್ಲಿ ತಪ್ಪುವ ಡಿಕ್ಕಿ 50ರಲ್ಲಿ ತಪ್ಪುವುದಿಲ್ಲ. ಹಾಗಾದರೆ ಹಗ್ಗ ಉದ್ದವಿರಲಿ ಎನ್ನುತ್ತೀರಾ? ಉದ್ದ ಹಗ್ಗ ಬೈಕಿನವರಿಗೆ ಕಾಣದ ಬಲೆ. ಎರಡು ವಾಹನಗಳ ನಡುವೆ ಸಂದು ಕಂಡು ನುಗ್ಗುವ ಬೈಕು, ಓಣಿಯಲ್ಲಿ ಅಡ್ಡ ಓಡುವ ಮಗು, ಬೀದಿ ದನ ಇವೆಲ್ಲವೂ ಆ ಐದು ಮೀಟರಿನ ಲೆಕ್ಕದಲ್ಲಿವೆ.

ಬಾಡಿಗೆಯ ವಿಷಯವೂ ತಿಳಿದಿರಲಿ. ಟ್ರ್ಯಾಕ್ಟರ್‌ಗೆ ಅನ್ವಯಿಸುವ ವಾಣಿಜ್ಯ ವಾಹನಗಳ ಪ್ಯಾಕೇಜ್ ವಿಮೆಯಲ್ಲಿ ಕೆಟ್ಟ ವಾಹನವೊಂದನ್ನು ಎಳೆಯಲು ಅವಕಾಶವಿದೆ. ಆದರೆ ಅದು ಹಣ ಪಡೆದು ಎಳೆಯುವುದಾಗಿರಬಾರದು. ಎಳೆಸಿಕೊಂಡ ವಾಹನಕ್ಕಾದ ನಷ್ಟವನ್ನೂ ಆ ವಿಮೆ ಕೊಡುವುದಿಲ್ಲ. ಐನೂರು ರೂಪಾಯಿ ಕೊಟ್ಟು ಎಳೆಸಿಕೊಂಡೆ, ಲೆಕ್ಕ ಚುಕ್ತಾ ಆಯಿತು ಎಂದುಕೊಳ್ಳುವವರಿಗೆ ಆ ಐನೂರೇ ಅಡ್ಡಿಯಾಗಬಹುದು.

ಟ್ರ್ಯಾಕ್ಟರ್ ಎಂಬ ಬಲಶಾಲಿ

ನಮ್ಮಲ್ಲಿ ಎಳೆಯುವ ಕೆಲಸವೆಲ್ಲ ಟ್ರ್ಯಾಕ್ಟರಿನದೇ ಆದ್ದರಿಂದ ಅದರ ಸ್ವಭಾವವನ್ನೂ ನೋಡಬೇಕು. ಎಳೆಯಲು ಅದನ್ನು ಮೀರಿಸಿದ್ದಿಲ್ಲ. ನಿಲ್ಲಿಸುವುದರಲ್ಲಿ ಅದು ಅಷ್ಟೇನೂ ಗಟ್ಟಿಯಲ್ಲ. ನಮ್ಮ ಸಾಮಾನ್ಯ ಟ್ರ್ಯಾಕ್ಟರಿಗೆ ಬ್ರೇಕಿರುವುದು ಹಿಂದಿನ ಎರಡು ಚಕ್ರಕ್ಕೆ ಮಾತ್ರ. ಅದೂ ಎರಡು ಪೆಡಲು, ಎಡಕ್ಕೊಂದು ಬಲಕ್ಕೊಂದು. ಹೊಲದ ಕೊನೆಯಲ್ಲಿ ಚಿಕ್ಕ ಜಾಗದಲ್ಲಿ ತಿರುಗಿಸಲು ಒಂದೇ ಕಡೆ ತುಳಿಯುವ ಅನುಕೂಲ ಅದು. ರಸ್ತೆಗೆ ಬರುವಾಗ ಆ ಎರಡನ್ನೂ ಕೊಂಡಿ ಹಾಕಿ ಜೋಡಿಸಬೇಕು. ಕೊಂಡಿ ಹಾಕುವುದು ಮರೆತು ವೇಗದಲ್ಲಿ ಒಂದೇ ಪೆಡಲು ತುಳಿದರೆ ಟ್ರ್ಯಾಕ್ಟರ್ ಗಿರ್ರನೆ ಅಡ್ಡ ತಿರುಗುತ್ತದೆ.

ಟ್ರ್ಯಾಕ್ಟರ್ ತೂಕ ಸುಮಾರು ಎರಡು ಟನ್. ಹಿಂದಿನ ಟ್ರೇಲರಿನಲ್ಲಿ ಅದಕ್ಕಿಂತ ಹೆಚ್ಚು ಭಾರವಿರುತ್ತದೆ, ಆ ಟ್ರೇಲರುಗಳಲ್ಲಿ ಬಹಳಷ್ಟಕ್ಕೆ ಬ್ರೇಕೇ ಇರುವುದಿಲ್ಲ. ಕಬ್ಬಿನ ಕಾಲದಲ್ಲಿ ಕುಕ್ಕವಾಡದ ಸಕ್ಕರೆ ಕಾರ್ಖಾನೆ ಕಡೆಗೆ ಒಂದು ಟ್ರ್ಯಾಕ್ಟರಿನ ಹಿಂದೆ ಎರಡು ಟ್ರೇಲರ್ ಹೋಗುವಾಗ ಎರಡು ಟನ್ನಿನ ಬ್ರೇಕಿನ ಮೇಲೆ ಅದರ ಹಲವು ಪಟ್ಟು ಭಾರ ಒರಗಿರುತ್ತದೆ. ಅಮೆರಿಕದ ಅಜ್ಜ ತನ್ನ ಒಂದೂವರೆ ಟನ್ನಿನ ಕಾರಿಗೆ ಬೇರೆ ಬ್ರೇಕು, ಬೇರೆ ದೀಪ, ಸರಪಳಿ, ಪಿನ್ನು ಎಲ್ಲ ಜೋಡಿಸುತ್ತಾನೆ. ನಾವು ಕತ್ತಲಾದ ಮೇಲೆ ಹಿಂದೀಪವೂ ಇಲ್ಲದ ಟ್ರೇಲರನ್ನು ಹೆದ್ದಾರಿಗೆ ಇಳಿಸುತ್ತೇವೆ.

ಹಗ್ಗ ಕಟ್ಟುವ ಮುನ್ನ

ಇಷ್ಟೆಲ್ಲ ತಿಳಿದ ಮೇಲೂ ಸಂಜೆ ಹೊತ್ತಿನಲ್ಲಿ, ಮಳೆಯಲ್ಲಿ, ಊರಾಚೆ ಕಾರು ನಿಂತರೆ ಹಗ್ಗ ಕಟ್ಟಲೇಬೇಕಾದ ಸಂದರ್ಭ ಬಂದೇ ಬರುತ್ತದೆ. ರಾಷ್ಟ್ರೀಯ ಹೆದ್ದಾರಿಯಲ್ಲಾದರೆ ಮೊದಲು 1033ಕ್ಕೆ ಫೋನ್ ಮಾಡಿ, ಅದು ಹೆದ್ದಾರಿ ಪ್ರಾಧಿಕಾರದ ಸಹಾಯವಾಣಿ. ಅಲ್ಲಿ ಹಗ್ಗ ಕಟ್ಟಿ ತೆವಳುವುದು ಬೇಡವೇ ಬೇಡ. ಊರಿನ ರಸ್ತೆಯಲ್ಲಾದರೆ ಕೆಲವು ಮಾತು ನೆನಪಿರಲಿ.

ಕಾರಿನ ಪುಸ್ತಕದಲ್ಲಿ ಎಳೆಯುವ ಬಗ್ಗೆ ಒಂದು ಪುಟವಿರುತ್ತದೆ. ಆಟೊಮ್ಯಾಟಿಕ್ ಆಗಿದ್ದರೆ ಎಷ್ಟು ದೂರ, ಎಷ್ಟು ವೇಗ ಎಂಬುದನ್ನು ಅಲ್ಲಿ ನೋಡದೆ ಎಳೆಯಬೇಡಿ. ಎಷ್ಟೋ ಮಾದರಿಗಳಿಗೆ ಎಳೆಯಲೇಬೇಡಿ ಎಂದು ಬರೆದಿರುತ್ತದೆ. ಡಿಕ್ಕಿಯಲ್ಲಿ ಸ್ಟೆಪ್ನಿ, ಜಾಕಿನ ಜೊತೆ ಉಂಗುರದಂಥ ಒಂದು ಹುಕ್ಕು ಇಟ್ಟಿರುತ್ತಾರೆ. ಬಂಪರಿನ ಸಣ್ಣ ಮುಚ್ಚಳ ತೆಗೆದು ಅದನ್ನು ಪೂರ್ತಿ ತಿರುಗಿಸಿ ಬಿಗಿಯಬೇಕು. ಹಗ್ಗ ಕಟ್ಟಬೇಕಾದದ್ದು ಅದಕ್ಕೆ. ಬಂಪರಿಗೆ, ಆಕ್ಸಲಿಗೆ, ಚಕ್ರದ ಹಿಂದಿನ ಸರಳುಗಳಿಗೆ ಕಟ್ಟಿದರೆ ಕಾರು ಗ್ಯಾರೇಜು ಸೇರುವಾಗ ಎರಡು ರಿಪೇರಿ ಇರುತ್ತದೆ.

ತೋಟದಲ್ಲಿ ಬಿದ್ದಿರುವ ಹಳೇ ಹಗ್ಗ ಇದಕ್ಕಲ್ಲ. ಬಿಸಿಲು ತಿಂದ ನೈಲಾನ್ ನೋಡಲು ಗಟ್ಟಿ, ಜಗ್ಗಿದರೆ ಲಡ್ಡು. ನೈಲಾನ್ ಹಿಗ್ಗುತ್ತದೆ, ಹಿಗ್ಗಿ ತುಂಡಾದರೆ ಚಾಟಿಯಂತೆ ವಾಪಸ್ ಹೊಡೆಯುತ್ತದೆ. ತುದಿಯಲ್ಲಿ ಕಬ್ಬಿಣದ ಕೊಕ್ಕೆಯಿದ್ದರೆ ಅದು ಗಾಜು ಒಡೆದು ಒಳಬರುವಷ್ಟು ಜೋರು. ಹಗ್ಗದ ನಡುವೆ ಒದ್ದೆ ಗೋಣಿಚೀಲ ಹಾಕಿದರೆ ತುಂಡಾದಾಗ ಹಗ್ಗ ನೆಲಕ್ಕೆ ಬೀಳುತ್ತದೆ, ಕೆಂಪು ಬಟ್ಟೆ ಕಟ್ಟಿದರೆ ಬೈಕಿನವರಿಗೂ ಕಾಣುತ್ತದೆ. ಹಗ್ಗ ಬಿಗಿಯಾಗುವವರೆಗೆ ಟ್ರ್ಯಾಕ್ಟರ್ ಇಂಚಿಂಚಾಗಿ ಮುಂದೆ ಹೋಗಬೇಕು. ಸಡಿಲ ಹಗ್ಗವನ್ನು ಒಮ್ಮೆಲೇ ಜಗ್ಗಿದರೆ ಬೀಳುವ ಹೊಡೆತ ಹಗ್ಗ ತಾಳುವ ಭಾರವನ್ನು ಎಷ್ಟೋ ಮೀರುತ್ತದೆ. ಸುತ್ತ ನಿಂತು ಸಲಹೆ ಕೊಡುವವರನ್ನು ಅಷ್ಟು ಹೊತ್ತು ದೂರ ಕಳಿಸಿ.

ಕಾರಿನಲ್ಲಿ ಕೂರುವವರು ಇಬ್ಬರಲ್ಲಿ ಹೆಚ್ಚು ಅನುಭವಸ್ಥರಾಗಿರಲಿ. ಕೀಲಿ ತಿರುಗಿಸಿ ಸ್ಟೀರಿಂಗ್ ಲಾಕ್ ಬಿಡಿಸಿರಬೇಕು. ಎಂಜಿನ್ ಚಾಲೂ ಆಗುವಂತಿದ್ದರೆ, ದೋಷ ಕ್ಲಚ್ಚಿನಲ್ಲಷ್ಟೇ ಇದ್ದರೆ, ಅದು ಚಾಲೂ ಇರಲಿ. ಬ್ರೇಕೂ ಸ್ಟೀರಿಂಗೂ ಮಾತು ಕೇಳುತ್ತವೆ. ಇಬ್ಬರಿಗೂ ಕೆಲಸ ಹಂಚಿರಲಿ: ಮುಂದಿನವರದು ಎಳೆಯುವ ಕೆಲಸ, ಬ್ರೇಕು ಹಿಂದಿನವರದು. ಹಗ್ಗ ಸದಾ ಬಿಗಿಯಾಗಿರುವಂತೆ ಹಿಂದಿನವರು ಬ್ರೇಕಿನ ಮೇಲೆ ಹಗುರವಾಗಿ ಕಾಲಿಟ್ಟಿರಬೇಕು, ನಿಲ್ಲುವಾಗ ಅವರೇ ಮೊದಲು ತುಳಿಯಬೇಕು. ಹೊರಡುವ ಮುನ್ನ ನಿಲ್ಲುವುದಕ್ಕೊಂದು, ತಿರುಗುವುದಕ್ಕೊಂದು ಹಾರನ್ ಗುರುತು ಮಾತಾಡಿಕೊಳ್ಳಿ. ಬ್ರೇಕೇ ಕೆಟ್ಟ ಕಾರನ್ನು ಹಗ್ಗದಲ್ಲಿ ಎಳೆಯುವ ಮಾತೇ ಇಲ್ಲ.

ಇದಕ್ಕಿಂತ ಒಳ್ಳೆಯ ದಾರಿ ಸರಳು. ಗಟ್ಟಿ ಕಬ್ಬಿಣದ ಸರಳಿದ್ದರೆ ಹಿಂದಿನ ಕಾರು ಮುಂದಿನದಕ್ಕೆ ಗುದ್ದುವ ಪ್ರಶ್ನೆಯೇ ಬಹುಪಾಲು ಇಲ್ಲವಾಗುತ್ತದೆ. ಸ್ಟೀರಿಂಗ್ ಹಿಡಿಯಲು ಲೈಸೆನ್ಸ್ ಇರುವವರು ಆಗಲೂ ಕೂತಿರಬೇಕು. ವರ್ಷಕ್ಕೊಮ್ಮೆ ಬೇಕಾಗುವ ಈ ಸಾಮಾನನ್ನು ಯಾವ ಮನೆಯವರೂ ಕೊಂಡಿಡುವುದಿಲ್ಲ, ಕೊಂಡಿಡಬೇಕಾಗಿಯೂ ಇಲ್ಲ. ರಾಜ್ಯ ಸರ್ಕಾರ 2014–15ರಲ್ಲಿ ಶುರುಮಾಡಿದ ಕೃಷಿ ಯಂತ್ರಧಾರೆ ಕೇಂದ್ರಗಳು ಹೋಬಳಿ ಮಟ್ಟದಲ್ಲಿ ಟ್ರ್ಯಾಕ್ಟರ್, ರೋಟವೇಟರ್, ಒಕ್ಕಣೆ ಯಂತ್ರಗಳನ್ನು ಬಾಡಿಗೆಗೆ ಕೊಡುತ್ತಿವೆ. ಅಡಿಕೆ ಬೆಳೆಗಾರರ ಸಹಕಾರ ಸಂಘಗಳು ನಮ್ಮ ತಾಲ್ಲೂಕಿನಲ್ಲಿ ಗಟ್ಟಿಯಾಗಿವೆ. ಇವುಗಳಲ್ಲಿ ಒಂದೊಂದು ಸರಳು, ಎರಡು ಸರಪಳಿ, ಅಯಸ್ಕಾಂತದಿಂದ ಕಾರಿನ ಬೆನ್ನಿಗೆ ಅಂಟುವ ಒಂದು ದೀಪದ ಹಲಗೆ, ನಿಯಮ ಹೇಳುವ ಬಿಳಿ ಫಲಕ ಇಷ್ಟನ್ನು ಇಟ್ಟರೆ ಖರ್ಚು ದೊಡ್ಡದಲ್ಲ. ನಲ್ಲೂರಿನ ವೆಲ್ಡಿಂಗ್ ಅಂಗಡಿಯವರಿಗೆ ಅಳತೆ ಕೊಟ್ಟರೆ ಸರಳು ತಯಾರಾಗುತ್ತದೆ. ಬಾಡಿಗೆ ಬೇಡ, ತೆಗೆದುಕೊಂಡು ಹೋದವರು ಸಹಿ ಹಾಕಿ ಮಾರನೇ ದಿನ ತಂದಿಟ್ಟರೆ ಸಾಕು.

ಟ್ರೇಲರುಗಳ ಬ್ರೇಕು, ಹಿಂದೀಪದ ಪ್ರಶ್ನೆ ಇದಕ್ಕಿಂತ ದೊಡ್ಡದು. ಅದಕ್ಕೆ ಸರ್ಕಾರ, ಸಾರಿಗೆ ಇಲಾಖೆ, ಕಾರ್ಖಾನೆಗಳು ಕೂಡಿ ಕೂರಬೇಕು. ಸಂಘದ ಮುಂದಿನ ಸಭೆಯಲ್ಲಿ ಒಂದು ಸರಳಿಗೆ ಠರಾವು ಮಾಡಲು ಮಾತ್ರ ಯಾರ ಅಪ್ಪಣೆಯೂ ಬೇಕಿಲ್ಲ.